ಅಡುಗೆಮನೆಯ ಗೋಡೆಕಪಾಟು: ಕಲ್ಲು, ಇಟ್ಟಿಗೆ, ಬ್ಲಾಕಿನ ಗೋಡೆಗಳಿಗೆ ತೂಗುಹಾಕುವ ಕ್ರಮ

ಗೋಡೆಕಪಾಟು: ನೆಲವನ್ನಾಗಲಿ ಅಡುಗೆಕಟ್ಟೆಯನ್ನಾಗಲಿ ಆಶ್ರಯಿಸದೆ, ಬೆನ್ನನ್ನು ಮಾತ್ರ ಗೋಡೆಗೆ ಆನಿಸಿ, ಕೆಲವೇ ತಿರುಪುಮೊಳೆಗಳ ಹಿಡಿತದಿಂದ ನಿಲ್ಲುವ ಬಾಗಿಲುಳ್ಳ ಪೆಟ್ಟಿಗೆಗೆ ಈ ಹೆಸರು. ಸಾಮಾನ್ಯವಾಗಿ ಇದರ ಆಳ 300ರಿಂದ 350 ಮಿ.ಮೀ., ಎತ್ತರ 600ರಿಂದ 750 ಮಿ.ಮೀ.; ಅಗಲವು ಗೋಡೆಯ ಉದ್ದವನ್ನೂ ಬಡಗಿಯ ಲೆಕ್ಕಾಚಾರವನ್ನೂ ಅನುಸರಿಸಿ 300ರಿಂದ 900 ಮಿ.ಮೀ.ವರೆಗೆ ವ್ಯತ್ಯಾಸ ಹೊಂದುತ್ತದೆ. ಕಟ್ಟೆಯ ಮೇಲ್ಮೈಯಿಂದ 450–600 ಮಿ.ಮೀ. ಮೇಲಕ್ಕೆ ಇದರ ತಳ ಬರುವಂತೆ ಕೂರಿಸುವುದು ವಾಡಿಕೆ. ಮರದ ಚೌಕಟ್ಟಿನ ಮೇಲೆ ಜಿಪ್ಸಂ ಹಲಗೆ ಹೊದಿಸಿದ ಗೋಡೆಗಳು ರೂಢಿಯಲ್ಲಿರುವ ಅಮೆರಿಕದಂಥ ದೇಶಗಳಲ್ಲಿ ಹಲಗೆಯ ಹಿಂದಿರುವ ಮರದ ಕಂಬವನ್ನು ಹುಡುಕಿ ಅದಕ್ಕೆ ತಿರುಪು ಹೊಡೆದರೆ ಕೆಲಸ ಬಹುಮಟ್ಟಿಗೆ ಮುಗಿಯಿತು. ಆದರೆ ಇಟ್ಟಿಗೆ, ಕಲ್ಲು, ಬ್ಲಾಕುಗಳ ಗೋಡೆಯೇ ಸಾರ್ವತ್ರಿಕವಾಗಿರುವ ಕರ್ನಾಟಕದಲ್ಲಿ, ತಿರುಪು ತಾನಾಗಿ ಕಚ್ಚಿಕೊಳ್ಳಬಲ್ಲ ಪದಾರ್ಥವು ಗೋಡೆಯಲ್ಲಿ ಇಲ್ಲದಿರುವುದರಿಂದ, ಮೊದಲು ರಂಧ್ರ ಕೊರೆದು ಅದರೊಳಗೆ ಹಿಡಿತವೊಂದನ್ನು ನಿರ್ಮಿಸಬೇಕಾಗುತ್ತದೆ. ಆ ಹಿಡಿತ ಎಷ್ಟು ದೃಢವಾಗಬಲ್ಲುದೆಂಬುದನ್ನು ತಿರುಪಿನ ಗಾತ್ರಕ್ಕಿಂತ ಗೋಡೆಯ ಜಾತಿಯೇ ಹೆಚ್ಚಾಗಿ ನಿರ್ಣಯಿಸುತ್ತದೆ.

ಕನ್ನಡನಾಡಿನ ಹಳೆಯ ಅಡುಗೆಮನೆಗಳಲ್ಲಿ ಸಾಮಾನುಗಳನ್ನು ಮೇಲಿಡುವ ಏರ್ಪಾಡುಗಳಿಗೇನೂ ಕೊರತೆಯಿರಲಿಲ್ಲ. ದಪ್ಪ ಗೋಡೆಯನ್ನು ಕಟ್ಟುವಾಗಲೇ ಅದರ ಒಡಲಿನಲ್ಲಿ ಬಿಟ್ಟ ಗೂಡು ಮತ್ತು ಮಾಡಗಳು, ಗೋಡೆಯೊಳಕ್ಕೆ ಮೊಳದುದ್ದ ಹುಗಿದ ಮರದ ತೋಳುಗಳ ಮೇಲೆ ಹಲಗೆ ಹಾಸಿದ ನಾಗಂದಿಗೆ, ಚೀಲ ಬಟ್ಟೆಗಳನ್ನು ತಗುಲಿಹಾಕುವ ಗಿಳಿಗೂಟ, ಬೆಕ್ಕಿಗೆ ಎಟುಕದಂತೆ ಹಾಲು ಮೊಸರುಗಳನ್ನು ತೂಗುಬಿಡುವ ನೆಲುವು, ಇವೆಲ್ಲವನ್ನೂ ಒಟ್ಟಾಗಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಭಾರವು ಗೋಡೆಯ ಒಳಗೆ ಕುಳಿತಿರುತ್ತಿತ್ತು, ಇಲ್ಲವೇ ನೆಲುವಿನಂತೆ ಜಂತಿಯಿಂದ ನೇರವಾಗಿ ಇಳಿಬಿದ್ದಿರುತ್ತಿತ್ತು, ಮುಂದಕ್ಕೆ ಚಾಚಿದ ನಾಗಂದಿಗೆಯಲ್ಲಿಯೂ ತೋಳಿನ ಮೇಲೆ ಕೂತ ಗೋಡೆಯ ತೂಕವೇ ಅದನ್ನು ಅದುಮಿ ಹಿಡಿದಿರುತ್ತಿತ್ತು. ಮನೆ ಕಟ್ಟುವ ಒಡ್ಡನೂ ಗಾರೆಯವನೂ ಬಡಗಿಯೂ ಕೂಡಿಯೇ ಆಲೋಚಿಸಿದ್ದರ ಫಲವದು. ತರುವಾಯದ ಕಾಲದಲ್ಲಿ ಕಾಂಕ್ರೀಟಿನ ಸಜ್ಜವೂ ಕಡಪ ಕಲ್ಲಿನ ಹಲಗೆಗಳೂ ಬಂದಾಗ ಸಹ, ಗಿಲಾವಿಗೆ ಮುಂಚೆಯೇ ಗೋಡೆಯಲ್ಲಿ ಕಚ್ಚಿಸಿ ಕೂರಿಸುವ ಪದ್ಧತಿ ತಪ್ಪಲಿಲ್ಲ. ಈಗಿನ ಗೋಡೆಕಪಾಟಿನ ಸಮಸ್ಯೆಯೆಲ್ಲ ಹುಟ್ಟುವುದು ಅದು ಕಟ್ಟಡ ಪೂರ್ಣಗೊಂಡು, ಬಣ್ಣ ಬಳಿದು, ಟೈಲ್ಸ್ ಅಂಟಿಸಿ ಮುಗಿದ ಮೇಲೆ ಗೋಡೆಯ ಮುಖಕ್ಕೆ ಬಂದು ಅಂಟಿಕೊಳ್ಳುವುದರಿಂದ. ಗೋಡೆಯನ್ನು ಕಟ್ಟಿದವನಿಗೆ ಕಪಾಟಿನ ಸುಳಿವಿರುವುದಿಲ್ಲ, ಕಪಾಟು ತೂಗುಹಾಕುವವನಿಗೆ ಗೋಡೆಯ ಒಳಗಿನ ವೃತ್ತಾಂತ ತಿಳಿದಿರುವುದಿಲ್ಲ.

ಗೋಡೆಗೆ ತೂಗುವ ಕಪಾಟನ್ನು ಅಡುಗೆಮನೆಯ ಒಟ್ಟು ವಿನ್ಯಾಸದ ನಿಯತ ಅಂಗವನ್ನಾಗಿ ಮಾಡಿದ ಪ್ರಯತ್ನಗಳಲ್ಲಿ ಆಸ್ಟ್ರಿಯದ ವಾಸ್ತುಶಿಲ್ಪಿ ಮಾರ್ಗರೆಟ್ ಶ್ಯೂಟೆ-ಲಿಹೋಟ್ಸ್ಕಿ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ ರೂಪಿಸಿದ ಅಡುಗೆಮನೆ ಪ್ರಸಿದ್ಧವಾದುದು. ಎರಡೂ ಪಕ್ಕದಲ್ಲಿ ಕಟ್ಟೆ, ಕಪಾಟುಗಳಿದ್ದ ಆ ಕಿರಿದಾದ ಕೋಣೆ ಸುಮಾರು 10,000 ಮನೆಗಳಲ್ಲಿ ಒಂದೇ ಮಾದರಿಯಲ್ಲಿ ನಿರ್ಮಾಣವಾಯಿತು. ಕಾರ್ಖಾನೆಯಲ್ಲಿ ತಯಾರಾದ ನಿಗದಿತ ಅಳತೆಯ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸುವ ಈ ಕಲ್ಪನೆಯ ದೂರದ ಸಂತಾನವೇ ಇಂದು ನಮ್ಮ ನಗರಗಳಲ್ಲಿ ಮಾಡ್ಯುಲರ್ ಕಿಚನ್ ಎಂದು ಮಾರಾಟವಾಗುತ್ತಿರುವುದು. ಫ್ರಾಂಕ್‌ಫರ್ಟಿನ ಅಡುಗೆಮನೆಯಲ್ಲಿ ಹಿಟ್ಟು ಅಕ್ಕಿಗಳಿಗೆ ಕೈಗೆಟಕುವ ಸಣ್ಣ ಅಲ್ಯುಮಿನಿಯಂ ಸೆಳೆಪೆಟ್ಟಿಗೆಗಳನ್ನು ಪ್ರತ್ಯೇಕವಾಗಿ ಜೋಡಿಸಲಾಗಿತ್ತು. ನಮ್ಮಲ್ಲಿ ತಿಂಗಳ ಬೇಳೆಕಾಳು, ಹಿಟ್ಟಿನ ಡಬ್ಬ, ಮಿಕ್ಸಿಯ ಜಾರು, ವರ್ಷಕ್ಕೊಮ್ಮೆ ಹೊರಗೆ ಬರುವ ಹಿತ್ತಾಳೆಯ ಪಾತ್ರೆ ಇವೆಲ್ಲವೂ ಮೇಲಿನ ಕಪಾಟಿಗೇ ಏರುತ್ತವೆ. ಪರದೇಶದ ಮಾದರಿಪಟ್ಟಿಯನ್ನು ನೋಡಿ ಭಾರವನ್ನು ಅಂದಾಜುಮಾಡುವುದು ಆದಕಾರಣ ತರವಲ್ಲ.

ಭಾರದ ಲೆಕ್ಕ ಕಠಿಣವಾದುದೇನಲ್ಲ. 18 ಮಿ.ಮೀ. ದಪ್ಪದ ಪ್ಲೈವುಡ್ಡಿನಿಂದ ಮಾಡಿದ, 900 ಮಿ.ಮೀ. ಅಗಲದ ಕಪಾಟು ಬಾಗಿಲು ಸಮೇತ ಬರಿದಾಗಿಯೇ 25–30 ಕಿಲೋ ತೂಗುತ್ತದೆ. ಎರಡು ಅಂತಸ್ತುಗಳಲ್ಲಿ ತುಂಬಿದ ಡಬ್ಬಗಳ ತೂಕ ಅಷ್ಟೇ ಆಗುವುದು ಅಪರೂಪವಲ್ಲ. ಒಟ್ಟು 60 ಕಿಲೋ ಎಂದಿಟ್ಟುಕೊಳ್ಳೋಣ. ಈ ತೂಕ ತಿರುಪುಗಳ ಮೇಲೆ ಎರಡು ಬಗೆಯಲ್ಲಿ ವರ್ತಿಸುತ್ತದೆ. ಒಂದು, ಕಪಾಟು ಗೋಡೆಯ ಮುಖವನ್ನು ಸವರಿಕೊಂಡು ಕೆಳಕ್ಕೆ ಜಾರಲೆಳಸುವುದರಿಂದ ತಿರುಪುಗಳನ್ನು ಅಡ್ಡಲಾಗಿ ಕತ್ತರಿಸುವ ಬಲ. ಇದು ಪೂರ್ತಿ 60 ಕಿಲೋ, ಎರಡು ತಿರುಪುಗಳಿದ್ದರೆ ತಲಾ 30. ಇನ್ನೊಂದು, ತೂಕದ ಕೇಂದ್ರವು ಗೋಡೆಯಿಂದ ಮುಂದಕ್ಕಿರುವುದರಿಂದ ಕಪಾಟು ತನ್ನ ಕೆಳಗಿನ ಹಿಂಬದಿಯ ಅಂಚನ್ನೇ ಆಧಾರಬಿಂದುವಾಗಿ ಮಾಡಿಕೊಂಡು, ಏತದ ಮರದಂತೆ, ಮುಂದಕ್ಕೆ ವಾಲಲು ಹವಣಿಸುವುದರಿಂದ ಮೇಲಿನ ತಿರುಪುಗಳನ್ನು ಗೋಡೆಯಿಂದ ಹೊರಕ್ಕೆಳೆಯುವ ಬಲ. ತೂಕದ ಕೇಂದ್ರ ಗೋಡೆಯಿಂದ 160 ಮಿ.ಮೀ. ಮುಂದಿದ್ದು, ತಿರುಪು ಕೆಳಗಿನ ಅಂಚಿನಿಂದ 640 ಮಿ.ಮೀ. ಮೇಲಿದ್ದರೆ, ಹೊರಗೆಳೆಯುವ ಬಲ ಕೇವಲ 15 ಕಿಲೋ. ಅದೇ ತಿರುಪನ್ನು ಅಜಾಗರೂಕತೆಯಿಂದ ಕೆಳಗಿನ ಅಂಚಿನ ಹತ್ತಿರ, 160 ಮಿ.ಮೀ. ಎತ್ತರದಲ್ಲಿ ಮಾತ್ರ ಹೊಡೆದರೆ ಅದು 60 ಕಿಲೋ ಆಗುತ್ತದೆ. ಕಪಾಟಿನ ಮೇಲಂಚಿಗೆ ಸಾಧ್ಯವಾದಷ್ಟು ಸಮೀಪವಾಗಿ ತಿರುಪನ್ನು ಹೊಡೆಯಬೇಕೆಂಬ ಬಡಗಿಗಳ ಪದ್ಧತಿಗೆ ಇರುವ ಆಧಾರ ಇದೇ.

ನಿಶ್ಚಲ ಭಾರಕ್ಕಿಂತ ಆಕಸ್ಮಿಕ ಭಾರವೇ ಹೆಚ್ಚು ಅಪಾಯಕಾರಿ. ಕಟ್ಟೆಯ ಮೇಲೆ ಹತ್ತಿ ನಿಂತ 20 ಕಿಲೋ ತೂಕದ ಮಗುವೊಂದು ತೆರೆದ ಬಾಗಿಲಿನ ಹೊರ ಅಂಚನ್ನು ಹಿಡಿದು ಜೋತುಬಿದ್ದರೆ, ಆ ತೂಕ ಗೋಡೆಯಿಂದ ಸುಮಾರು 720 ಮಿ.ಮೀ. ದೂರದಲ್ಲಿ ಬೀಳುವುದರಿಂದ, ಅದೊಂದೇ ಮೇಲಿನ ತಿರುಪುಗಳ ಮೇಲೆ 22 ಕಿಲೋಗೂ ಮಿಕ್ಕ ಸೆಳೆತವನ್ನು ಕೂಡಿಸುತ್ತದೆ. ಅಂದರೆ ಡಬ್ಬ ತುಂಬಿದ ಕಪಾಟಿನ ಒಟ್ಟು ಸೆಳೆತಕ್ಕಿಂತಲೂ ಹೆಚ್ಚು. ಹಿಡಿತದ ಸಾಧನಗಳ ತಯಾರಕರು ಮುದ್ರಿಸುವ ಅಂತಿಮ ಬಲಕ್ಕೂ ಬಳಕೆಗೆ ಅನುಮತಿಸುವ ಬಲಕ್ಕೂ ನಡುವೆ ಹಲವು ಪಟ್ಟು ಅಂತರವಿಡುವುದು ಇಂಥ ಸಂದರ್ಭಗಳನ್ನು ನೆನೆದೇ.

ಇನ್ನು ಗೋಡೆಯ ವಿಚಾರ. ಗಿಲಾವು ಬಳಿದು ಬಣ್ಣ ಹೊಡೆದ ಮೇಲೆ ಎಲ್ಲ ಗೋಡೆಗಳೂ ಕಣ್ಣಿಗೆ ಒಂದೇ. ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳೋ ಗಟ್ಟಿಯೋ ಎಂಬಷ್ಟು ತಿಳಿದೀತು, ಮಿಕ್ಕದ್ದನ್ನು ಹೇಳುವುದು ಡ್ರಿಲ್ಲಿನಿಂದ ಉದುರುವ ಪುಡಿ. ಪರೀಕ್ಷಾರ್ಥವಾಗಿ, ಕಪಾಟಿನ ಹಿಂದೆ ಮರೆಯಾಗುವ ಸ್ಥಳದಲ್ಲಿ, ಸಣ್ಣ ಬಿಟ್ಟಿನಿಂದ ಮೆಲ್ಲನೆ ಒಂದು ರಂಧ್ರ ಕೊರೆಯುತ್ತ ಕೆಳಗೆ ಕಾಗದವೊಂದನ್ನು ಹಿಡಿದರೆ ಮೊದಲು ಬೂದುಬಣ್ಣದ ಗಿಲಾವಿನ ಪುಡಿ ಬೀಳುತ್ತದೆ; 12ರಿಂದ 20 ಮಿ.ಮೀ. ಒಳಗಾಗಿ ಬಣ್ಣ ಬದಲಾಗುತ್ತದೆ. ಕೆಂಪು ಪುಡಿ ಸುಟ್ಟ ಇಟ್ಟಿಗೆಯದು. ಬೂದುಬಣ್ಣವೇ ಮುಂದುವರಿದು, ಪುಡಿ ನುಣುಪಾಗಿ, ಬಿಟ್ ಮುಂದೆ ಹೋಗಲು ಹಟಮಾಡಿದರೆ ಕಾಂಕ್ರೀಟು. ಅದೇ ಬೂದುಬಣ್ಣದಲ್ಲಿ ಜಲ್ಲಿಯ ನುಚ್ಚು ಬೆರೆತು, ಬಿಟ್ ಸ್ವಲ್ಪ ಸರಾಗವಾಗಿ ಸಾಗಿದರೆ ಸಿಮೆಂಟು ಬ್ಲಾಕು. ಬೆಳ್ಳಗಿನ ಪುಡಿ ಹಿಟ್ಟಿನಂತೆ ಯಥೇಚ್ಛವಾಗಿ ಸುರಿದು, ಬಿಟ್ ಯಾವ ಶ್ರಮವೂ ಇಲ್ಲದೆ ಒಳನುಗ್ಗಿದರೆ ಅದು ಹಗುರ ಬ್ಲಾಕು. ಬಿಟ್ ಫಕ್ಕನೆ ಶೂನ್ಯಕ್ಕೆ ಬಿದ್ದರೆ ಟೊಳ್ಳುಬ್ಲಾಕಿನ ಹೊಟ್ಟೆ, ಅಥವಾ ಎರಡು ಇಟ್ಟಿಗೆಗಳ ನಡುವೆ ಗಾರೆ ತುಂಬದೆ ಬಿಟ್ಟ ಸಂದು. ಬಣ್ಣ ಬದಲಾದ ಆಳವನ್ನು ಬಿಟ್ಟಿನ ಮೇಲೆ ಟೇಪು ಸುತ್ತಿ ಗುರುತುಮಾಡಿಕೊಳ್ಳುವುದು ಅತ್ಯಾವಶ್ಯಕ. ಏಕೆಂದರೆ ಗಿಲಾವಿಗೆ ಹೊರೆ ಹೊರುವ ಶಕ್ತಿ ಇಲ್ಲವೆಂದೇ ಭಾವಿಸಬೇಕು, ಹಿಡಿತವೆಲ್ಲವೂ ಆ ಗುರುತಿನಿಂದಾಚೆಗೆ ಆರಂಭವಾಗತಕ್ಕದ್ದು.

ಚೆನ್ನಾಗಿ ಬೆಂದ ಇಟ್ಟಿಗೆಯ ಗೋಡೆ ಕಪಾಟಿಗೆ ಅತ್ಯಂತ ಅನುಕೂಲವಾದುದು. ರಂಧ್ರದೊಳಗೆ ಕೂರಿಸಿದ ಕೊಳವೆಯಂಥ ಪ್ಲಗ್ ತಿರುಪು ಒಳಹೊಕ್ಕಂತೆ ಅರಳಿದಾಗ ಅದನ್ನು ಎಲ್ಲ ಕಡೆಯಿಂದಲೂ ಸಮವಾಗಿ ಒತ್ತಿಹಿಡಿಯುವಷ್ಟು ಗಟ್ಟಿತನವೂ, ಡ್ರಿಲ್ಲಿಗೆ ದಾರಿಬಿಡುವಷ್ಟು ಮೃದುತ್ವವೂ ಅದರಲ್ಲಿ ಕೂಡಿವೆ. ಆದರೆ ನಮ್ಮ ಬಯಲುಸೀಮೆಯ ಗೂಡುಗಳಲ್ಲಿ ಸುಟ್ಟ ಕೈಯಚ್ಚಿನ ಇಟ್ಟಿಗೆಗಳಲ್ಲಿ ಒಂದೇ ಗೂಡಿನಿಂದ ಬಂದವೂ ಏಕಪ್ರಕಾರವಾಗಿರುವುದಿಲ್ಲ. ಅರೆಬೆಂದ ಇಟ್ಟಿಗೆಗೆ ರಂಧ್ರ ಬಿದ್ದರೆ ಪುಡಿಯೇ ಮಣ್ಣಾಗಿ ಉದುರುತ್ತದೆ. ರಂಧ್ರವು ಇಟ್ಟಿಗೆಯ ಒಡಲಿಗೆ ಬೀಳಬೇಕೇ ಹೊರತು ಸಂದಿನ ಗಾರೆಗೆ ಬೀಳಕೂಡದು. ಒಳಗೋಡೆಗಳು ಅನೇಕ ಮನೆಗಳಲ್ಲಿ ನಾಲ್ಕೂವರೆ ಅಂಗುಲದವು. ಹ್ಯಾಮರ್ ಡ್ರಿಲ್ಲಿನ ಹೊಡೆತಕ್ಕೆ ಅವುಗಳ ಆಚೆ ಬದಿಯ ಗಿಲಾವು ಹಪ್ಪಳದಷ್ಟಗಲ ಉದುರಿ, ದೇವರಮನೆಯಲ್ಲಿಯೋ ಮಲಗುವ ಕೋಣೆಯಲ್ಲಿಯೋ ಅನಿರೀಕ್ಷಿತ ಜಗಳಕ್ಕೆ ಕಾರಣವಾಗುವುದುಂಟು.

ಹಳೆಯ ಬೆಂಗಳೂರು, ಕೋಲಾರದ ಕಡೆಯ ಸೈಜುಗಲ್ಲಿನ ಗೋಡೆಗಳಲ್ಲಿ ಕಲ್ಲು ಎಷ್ಟು ಗಟ್ಟಿಯೋ ಅದರ ನಡುವಣ ಮಣ್ಣಿನ ಗಾರೆ ಅಷ್ಟೇ ನಿಸ್ಸತ್ವವಾಗಿರಬಹುದು. ಕಲ್ಲಿಗೆ ಬಿದ್ದ ರಂಧ್ರ ತಲೆಮಾರುಗಳ ಕಾಲ ಭಾರ ಹೊರುತ್ತದೆ, ಅಂಗುಲದಾಚೆ ಸಂದಿಗೆ ಬಿದ್ದ ರಂಧ್ರ ಬೆರಳಿನಿಂದಲೇ ಅಗಲವಾಗುತ್ತದೆ. ಆದುದರಿಂದ ಕಪಾಟಿನ ತಿರುಪಿನ ಸ್ಥಾನವನ್ನು ಮೊದಲೇ ನಿಷ್ಕರ್ಷಿಸದೆ, ಉದ್ದನೆಯ ಪಟ್ಟಿಯೊಂದನ್ನು ಬಳಸಿ ಕಲ್ಲು ಸಿಕ್ಕ ಕಡೆ ತಿರುಪು ಹೊಡೆಯುವ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳಬೇಕು. ಕರಾವಳಿಯ ಮುರಕಲ್ಲು, ಉತ್ತರ ಕನ್ನಡದಲ್ಲಿ ಚಿರೆಕಲ್ಲೆನಿಸಿಕೊಳ್ಳುವ ಅದೇ ಜಂಬಿಟ್ಟಿಗೆ, ಬೇರೊಂದು ಬಗೆಯ ಎಚ್ಚರಿಕೆಯನ್ನು ಬೇಡುತ್ತದೆ. ಮೈಸೂರು, ಕನ್ನಡ, ಮಲೆಯಾಳ ಸೀಮೆಗಳಲ್ಲಿ ಸಂಚರಿಸಿ 1807ರಲ್ಲಿ ತನ್ನ ಪ್ರವಾಸವೃತ್ತಾಂತವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ವಿವರಿಸಿ ಹೆಸರಿಟ್ಟ ಈ ಕಲ್ಲು ಗಣಿಯಲ್ಲಿದ್ದಾಗ ಕೊಡಲಿಗೆ ಮಣಿಯುವಷ್ಟು ಮೆತ್ತಗಿದ್ದು ಗಾಳಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುತ್ತದೆ. ಗಟ್ಟಿಯಾದರೂ ಅದರ ಮೈಯಲ್ಲೆಲ್ಲ ಮಣ್ಣು ತುಂಬಿದ ಸಣ್ಣ ಸಣ್ಣ ಕೊಳವೆಗಳೂ ಪೊಳ್ಳುಗಳೂ ಇರುತ್ತವೆ. ಇಂಥ ಕಡೆ 40 ಮಿ.ಮೀ. ಪ್ಲಗ್ಗಿಗಿಂತ 80 ಅಥವಾ 100 ಮಿ.ಮೀ. ಉದ್ದದ ಪ್ಲಗ್ ಮೇಲು. ಅದರ ಉದ್ದದಲ್ಲಿ ಎಲ್ಲಿಯಾದರೂ ಗಟ್ಟಿಭಾಗ ಸಿಕ್ಕೇ ಸಿಗುತ್ತದೆ. ರಂಧ್ರದ ಪುಡಿ ಹೊರಬರುತ್ತ ಹಳದಿ ಮಣ್ಣಾಗಿ ಕೈಗಂಟಿದರೆ ಆ ಸ್ಥಳವನ್ನು ಬಿಟ್ಟು ಪಕ್ಕಕ್ಕೆ ಸರಿಯುವುದೇ ವಿವೇಕ.

ಈಚಿನ ದಶಕಗಳಲ್ಲಿ ಇಟ್ಟಿಗೆಯ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿರುವುದು ನಾಲ್ಕು, ಆರು, ಎಂಟು ಅಂಗುಲದ ಸಿಮೆಂಟು ಬ್ಲಾಕುಗಳು. ಇವುಗಳಲ್ಲಿ ಗಟ್ಟಿಬ್ಲಾಕು ಇಟ್ಟಿಗೆಯಂತೆಯೇ ವರ್ತಿಸುತ್ತದೆ. ಟೊಳ್ಳುಬ್ಲಾಕಿನಲ್ಲಿ ಮುಖದ ಪದರ ಒಂದಂಗುಲದ ಆಸುಪಾಸು ಮಾತ್ರ ಇದ್ದು, ಅದರ ಹಿಂದೆ ಪೊಳ್ಳು ಇರುವುದರಿಂದ, ಹ್ಯಾಮರ್ ಹೊಡೆತಕ್ಕೆ ಪದರದ ಒಳಬದಿ ಆಲಿಕೆಯಾಕಾರವಾಗಿ ಸಿಡಿದು ಹೋಗುತ್ತದೆ. ಹೊರಗಿನಿಂದ ನೋಡುವವನಿಗೆ ರಂಧ್ರ ನೀಟಾಗಿಯೇ ಕಾಣುತ್ತದೆ. ಸುಟ್ಟಮಣ್ಣಿನ ಟೊಳ್ಳುಬ್ಲಾಕುಗಳ ತೆಳುಗೋಡೆಗಳಿಗಂತೂ ಹ್ಯಾಮರ್ ಸರ್ವಥಾ ನಿಷಿದ್ಧ. ಬರೀ ತಿರುಗುವಿಕೆಯಿಂದಲೇ ಕೊರೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದ ಪರಿಶ್ರಮದಿಂದ ಪ್ರಚಾರಕ್ಕೆ ಬಂದ, ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯ ಮನೆಗಳಲ್ಲಿ ಗೋಡೆಗೆ ಗಿಲಾವು ಬಳಿಯದೆ ಬಿಡುವುದು ವಾಡಿಕೆಯಾದುದರಿಂದ ಸಂದುಗಳು ಕಣ್ಣಿಗೇ ಕಾಣುತ್ತವೆ. ಕಪಾಟು ಹಾಕುವವನಿಗೆ ಇದೊಂದು ದೊಡ್ಡ ಉಪಕಾರ. ಅಲ್ಲಿ ಇಟ್ಟಿಗೆಯ ಅಂಚನ್ನು ಬಿಟ್ಟು ನಡುಭಾಗದಲ್ಲಿ ಕೊರೆದರೆ ಸಾಕು.

ಅತ್ಯಂತ ಹೆಚ್ಚು ದೂರುಗಳು ಕೇಳಿಬರುವುದು ಹಗುರ ಬ್ಲಾಕಿನ ಗೋಡೆಗಳ ವಿಷಯವಾಗಿ. 1920ರ ದಶಕದಲ್ಲಿ ಸ್ವೀಡನ್ನಿನ ಯೋಹಾನ್ ಆಕ್ಸೆಲ್ ಎರಿಕ್‌ಸನ್ ಅವರ ಸಂಶೋಧನೆಯಿಂದ ಹುಟ್ಟಿದ ಈ ಪದಾರ್ಥದಲ್ಲಿ ಸುಣ್ಣ, ಸಿಮೆಂಟು, ನುಣ್ಣನೆಯ ಮರಳು ಅಥವಾ ಹಾರುಬೂದಿಯ ಕಲಸಿನೊಳಗೆ ಅಲ್ಯುಮಿನಿಯಂ ಪುಡಿಯಿಂದ ಜಲಜನಕದ ಗುಳ್ಳೆಗಳನ್ನೆಬ್ಬಿಸಿ, ಉಬ್ಬಿದುದನ್ನು ಕತ್ತರಿಸಿ, ಒತ್ತಡದ ಹಬೆಯಲ್ಲಿ ಬೇಯಿಸಲಾಗುತ್ತದೆ. ಒಂದು ಘನಮೀಟರು ಕಾಂಕ್ರೀಟು ಸುಮಾರು 2,400 ಕಿಲೋ ತೂಗಿದರೆ ಇದು 550–650 ಕಿಲೋ ಮಾತ್ರ. ಬಹುಮಹಡಿಯ ಕಟ್ಟಡಗಳಿಗೆ ಇದು ಪ್ರಿಯವಾದುದಕ್ಕೆ ಕಾರಣ ಆ ಹಗುರತನ, ತಿರುಪಿಗೆ ಇದು ಅಪ್ರಿಯವಾದುದಕ್ಕೂ ಕಾರಣ ಅದೇ. ಗುಳ್ಳೆಗಳ ನಡುವಣ ತೆಳುಭಿತ್ತಿಗಳು ಸಾಧಾರಣ ಪ್ಲಗ್ಗಿನ ಒತ್ತಡಕ್ಕೆ ಎದುರುಕೊಡದೆ ಪುಡಿಯಾಗುವುದರಿಂದ, ಮೊದಲ ದಿನ ಬಿಗಿಯೆನಿಸಿದ ತಿರುಪು ಕ್ರಮೇಣ ಸಡಿಲಗೊಳ್ಳುತ್ತದೆ. ಇದಕ್ಕೆಂದೇ ತಯಾರಾದ, ಹೊರಮೈಯಲ್ಲಿ ಸುರುಳಿಯ ರೆಕ್ಕೆಗಳುಳ್ಳ ಪ್ಲಗ್ಗನ್ನು ಹ್ಯಾಮರ್ ಬಳಸದೆ ಕೊರೆದ ರಂಧ್ರಕ್ಕೆ ಕೂರಿಸಬೇಕು. ಭಾರ ಹೆಚ್ಚಿದ್ದರೆ ಉದ್ದನೆಯ ಕಡ್ಡಿಯನ್ನು ರಾಳದ ಅಂಟಿನಲ್ಲಿ ನಾಟಬೇಕು. ಈ ಗೋಡೆಗೆ ಕಪಾಟು ಹಾಕುವಾಗ ಮಾಮೂಲು ಪ್ಲಗ್ಗೇ ಸಾಕೆಂದು ವಾದಿಸುವ ಕೆಲಸಗಾರನನ್ನು ಮರ್ಯಾದೆಯಿಂದ ಹಿಂದಕ್ಕೆ ಕಳಿಸುವುದು ಲೇಸು.

ಅಲ್ಯುಮಿನಿಯಂ ಅಚ್ಚುಗಳಲ್ಲಿ ಎರಕಹೊಯ್ದ ಕಾಂಕ್ರೀಟು ಗೋಡೆಯ ವಸತಿಸಂಕೀರ್ಣಗಳಲ್ಲಿ ಬಲದ ಚಿಂತೆ ಇಲ್ಲ. ಕೊರೆಯುವ ಶ್ರಮ ಮತ್ತು ಒಳಗಿನ ಕಬ್ಬಿಣ ಇವೆರಡೇ ತೊಡಕು. ಇಟ್ಟಿಗೆಯ ಮನೆಗಳಲ್ಲಿಯೂ ನೆಲದಿಂದ ಏಳಡಿಯ ಎತ್ತರದಲ್ಲಿ ಲಿಂಟಲ್ ಪಟ್ಟಿ ಹಾಯ್ದಿರುವುದರಿಂದ, ಕಪಾಟಿನ ಮೇಲಂಚಿನ ರಂಧ್ರಗಳು ಅನೇಕ ವೇಳೆ ಅದಕ್ಕೇ ತಾಗುತ್ತವೆ. ಬಿಟ್ ಕಬ್ಬಿಣಕ್ಕೆ ಬಡಿದು ಕಿರುಗುಟ್ಟಿದರೆ ಹಟಹಿಡಿಯದೆ ಒಂದೆರಡು ಅಂಗುಲ ಪಕ್ಕಕ್ಕೆ ಸರಿಯಬೇಕು. ಮಲೆನಾಡಿನ ಹಳೆಯ ಮಣ್ಣುಗೋಡೆಗಳ ವಿಷಯದಲ್ಲಿ ಮಾತ್ರ ಯಾವ ಯುಕ್ತಿಯೂ ನೆಚ್ಚತಕ್ಕದ್ದಲ್ಲ: ಅಲ್ಲಿ ಕಪಾಟಿನ ಎರಡೂ ಬದಿಗೆ ನೆಲದವರೆಗೆ ಇಳಿಯುವ ಮರದ ಕಾಲುಗಳನ್ನು ಕೊಟ್ಟು, ಭಾರವನ್ನು ನೆಲಕ್ಕೇ ಒಪ್ಪಿಸಿ, ಗೋಡೆಗೆ ಮುಂದಕ್ಕೆ ವಾಲದಂತೆ ತಡೆಯುವ ಹಗುರ ಕೆಲಸವನ್ನಷ್ಟೇ ಬಿಡುವುದು ಉಚಿತ.

ರಂಧ್ರದೊಳಗೆ ಹಿಡಿತವನ್ನುಂಟುಮಾಡುವ ಸಾಧನಗಳ ಚರಿತ್ರೆ ಶತಮಾನಕ್ಕಿಂತ ಸ್ವಲ್ಪ ಹೆಚ್ಚಿನದು. ಅದಕ್ಕೂ ಮುಂಚೆ ಚಾಣದಿಂದ ಗೋಡೆಯಲ್ಲಿ ಹೊಂಡ ತೋಡಿ, ಹಿಂಬದಿ ಅಗಲವಾಗುವಂತೆ ಕೆತ್ತಿದ ಮರದ ತುಂಡನ್ನು ಗಾರೆಯಲ್ಲಿ ಹುದುಗಿಸಿ, ಅದು ಆರಿದ ಮೇಲೆ ತಿರುಪು ಹೊಡೆಯುತ್ತಿದ್ದರು. ವಿದ್ಯುತ್ತಿನ ತಂತಿಗಳನ್ನು ಮರದ ಪಟ್ಟಿಯಲ್ಲಿ ಎಳೆಯುತ್ತಿದ್ದ ಕಾಲದಲ್ಲಿ ನಮ್ಮ ಊರುಗಳಲ್ಲಿಯೂ ಇದೇ ಕ್ರಮ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆಗಳಿಗೆ ಹೆಚ್ಚು ಗಾಯಮಾಡದೆ ವಿದ್ಯುತ್ ಉಪಕರಣಗಳನ್ನು ಜೋಡಿಸಬೇಕಾಗಿ ಬಂದಾಗ, ಜಾನ್ ಜೋಸೆಫ್ ರಾಲಿಂಗ್ಸ್ ಎಂಬ ಕಟ್ಟಡ ಗುತ್ತಿಗೆದಾರ ಸೆಣಬಿನ ನಾರನ್ನು ಪ್ರಾಣಿಜನ್ಯ ಅಂಟಿನಿಂದ ಗಟ್ಟಿಮಾಡಿದ ಸಣ್ಣ ಕೊಳವೆಯೊಂದನ್ನು 1911ರ ಸುಮಾರಿಗೆ ಕಂಡುಹಿಡಿದ. ತಿರುಪು ಒಳಹೊಕ್ಕಂತೆ ನಾರು ಅರಳಿ ರಂಧ್ರದ ಬದಿಗಳನ್ನು ಒತ್ತಿ, ಘರ್ಷಣೆಯೊಂದರಿಂದಲೇ ಭಾರವನ್ನು ತಡೆಯುತ್ತಿತ್ತು. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇಂದಿಗೂ ಯಾವ ಕಂಪನಿಯ ಪ್ಲಗ್ಗಾದರೂ ರಾಲ್‌ಪ್ಲಗ್ ಎಂದೇ ಕೇಳುವುದು ಆತನ ಸ್ಮಾರಕ. 1958ರಲ್ಲಿ ಜರ್ಮನಿಯ ಆರ್ಟುರ್ ಫಿಷರ್ ನೈಲಾನಿನ ಪ್ಲಗ್ಗನ್ನು ರೂಪಿಸಿದ ಮೇಲೆ, ತೇವಕ್ಕೆ ಕೊಳೆಯದ, ತಿರುಪಿನ ಜೊತೆ ತಾನೂ ತಿರುಗದಂತೆ ರೆಕ್ಕೆಗಳಿಂದ ಕಚ್ಚಿಕೊಳ್ಳುವ ಈಗಿನ ಮಾದರಿ ಲೋಕವ್ಯಾಪಿಯಾಯಿತು. ಕೊರೆಯುವ ಸಾಧನದಲ್ಲಿಯೂ ಅಷ್ಟೇ ಮಹತ್ವದ ಬದಲಾವಣೆಗಳಾದುವು: ಬಾಷ್ ಸಂಸ್ಥೆ 1932ರಲ್ಲಿ ವಿದ್ಯುತ್ ಸುತ್ತಿಗೆ-ಬೈರಿಗೆಯನ್ನೂ 1975ರಲ್ಲಿ ಬಿಟ್ಟನ್ನು ತಿರುಗಿಸಿ ಸಿಕ್ಕಿಸುವ ಎಸ್‌ಡಿಎಸ್ ಏರ್ಪಾಡನ್ನೂ ಹೊರತಂದಿತು.

ಸಾಧಾರಣ ಇಟ್ಟಿಗೆ ಅಥವಾ ಗಟ್ಟಿಬ್ಲಾಕಿನ ಗೋಡೆಗೆ 10 ಮಿ.ಮೀ. ನೈಲಾನ್ ಪ್ಲಗ್ಗೂ ಅದಕ್ಕೊಪ್ಪುವ 6ರಿಂದ 8 ಮಿ.ಮೀ. ದಪ್ಪದ ತಿರುಪೂ ಪ್ರಶಸ್ತ. ಹಗುರ ಕಪಾಟಿಗೆ 8 ಮಿ.ಮೀ. ಪ್ಲಗ್ ಸಾಲುತ್ತದೆ. ತಿರುಪಿನ ಉದ್ದವನ್ನು ಕೂಡಿಸಿ ನೋಡಬೇಕು: ಕಪಾಟಿನ ಹಿಂಪಟ್ಟಿ 18, ಗಿಲಾವು 15, ಪ್ಲಗ್ಗಿನ ಉದ್ದ 50, ಅದರ ತುದಿಯಿಂದಾಚೆ ತಿರುಪಿನ ಮೊನೆಗೆ 5 ಅಥವಾ 6, ಅಂದರೆ 90 ಮಿ.ಮೀ. ಅಂಗಡಿಯಲ್ಲಿ ಪ್ಲಗ್ಗಿನ ಜೊತೆ ಬಿಟ್ಟಿಯಾಗಿ ಸಿಗುವ ಒಂದೂವರೆ ಅಂಗುಲದ ತಿರುಪು ಹಿಂಪಟ್ಟಿಯನ್ನೂ ಗಿಲಾವನ್ನೂ ದಾಟುವಷ್ಟರಲ್ಲಿಯೇ ಮುಗಿದುಹೋಗುತ್ತದೆ. ಬಿದ್ದ ಕಪಾಟುಗಳನ್ನು ಪರೀಕ್ಷಿಸಿದಾಗ ತಿರುಪು ಮುರಿದಿರುವುದಕ್ಕಿಂತ ಹೀಗೆ ಗಿಲಾವಿನ ಉಂಡೆಯ ಸಮೇತ ಕಿತ್ತುಬಂದಿರುವುದೇ ಹೆಚ್ಚು. ಕಾಂಕ್ರೀಟಿಗೆಂದು ಮಾಡಿದ ಉಕ್ಕಿನ ಆಂಕರ್ ಬೋಲ್ಟು ಬಲವಾದುದೆಂಬ ಭ್ರಮೆಯಿಂದ ಅದನ್ನು ಇಟ್ಟಿಗೆಗೆ ಬಿಗಿಯುವವರುಂಟು. ಅದರ ತೀವ್ರ ಒತ್ತಡಕ್ಕೆ ಇಟ್ಟಿಗೆಯೇ ಸೀಳುತ್ತದೆ. ರಾಳದ ಅಂಟು ಈ ದೋಷದಿಂದ ಮುಕ್ತ: ಅದು ರಂಧ್ರವನ್ನು ಹಿಗ್ಗಿಸದೆ ಅದರ ಮೈಗೆ ಬೆಸೆದುಕೊಳ್ಳುತ್ತದೆ, ಟೊಳ್ಳುಬ್ಲಾಕಿನಲ್ಲಿ ಜಾಲರಿಯ ಚೀಲವೊಂದನ್ನು ಮೊದಲು ತೂರಿಸಿ ಅಂಟು ತುಂಬಿದರೆ ಪೊಳ್ಳಿನೊಳಗೆ ಗಂಟುಕಟ್ಟಿ ನಿಲ್ಲುತ್ತದೆ. ಆದರೆ ರಂಧ್ರದೊಳಗಿನ ಧೂಳನ್ನು ಕುಂಚದಿಂದ ಉಜ್ಜಿ, ಊದಿ, ಮತ್ತೆ ಉಜ್ಜಿ ತೆಗೆಯದಿದ್ದರೆ ಅಂಟು ಗೋಡೆಗೆ ಹಿಡಿಯದೆ ಧೂಳಿಗೆ ಹಿಡಿಯುತ್ತದೆ.

ಕಪಾಟಿಗೂ ಗೋಡೆಗೂ ಸಂಬಂಧ ಕಲ್ಪಿಸುವ ಕ್ರಮಗಳಲ್ಲಿ ಹಿಂಪಟ್ಟಿಯ ಮೂಲಕ ನೇರವಾಗಿ ತಿರುಪು ಹೊಡೆಯುವುದು ನಮ್ಮ ಬಡಗಿಗಳಿಗೆ ಚಿರಪರಿಚಿತ. 6 ಮಿ.ಮೀ. ಬೆನ್ನುಹಲಗೆಯ ಮೂಲಕವೇ ತಿರುಪು ಹೊಡೆದು ಬಿಡುವ ಅಭ್ಯಾಸವೂ ಇದೆ; ಅದು ತ್ಯಾಜ್ಯ. ತಿರುಪಿನ ತಲೆ ಆ ತೆಳುಹಲಗೆಯನ್ನು ಸೀಳಿಕೊಂಡು ಹೊರಬಂದಾಗ ಗೋಡೆಯಲ್ಲಿ ತಿರುಪೂ ಬೆನ್ನುಹಲಗೆಯೂ ಉಳಿದು, ಪೆಟ್ಟಿಗೆ ಮಾತ್ರ ಕಟ್ಟೆಯ ಮೇಲೆ ಬಿದ್ದಿರುತ್ತದೆ. ಎರಡನೆಯದು ಓರೆಪಟ್ಟಿಯ ಕ್ರಮ: ಗಟ್ಟಿಮರದ ಹಲಗೆಯೊಂದನ್ನು ಉದ್ದಕ್ಕೂ 45 ಡಿಗ್ರಿ ಓರೆಯಾಗಿ ಸೀಳಿ, ಅರ್ಧವನ್ನು ಗೋಡೆಗೂ ಉಳಿದರ್ಧವನ್ನು ಕಪಾಟಿನ ಬೆನ್ನಿಗೂ ಜೋಡಿಸಿದರೆ, ಒಂದರ ಮೇಲೊಂದು ಕೂತು ಕಪಾಟಿನ ತೂಕವೇ ಅದನ್ನು ಗೋಡೆಗೆ ಒತ್ತಿಕೊಳ್ಳುತ್ತದೆ. ಮೂರನೆಯದು ಉಕ್ಕಿನ ತೂಗುಪಟ್ಟಿ. ಗೋಡೆಯುದ್ದಕ್ಕೂ ಒಂದೇ ಪಟ್ಟಿಯನ್ನು ರಸಮಟ್ಟಕ್ಕೆ ಸರಿಯಾಗಿ ಬಿಗಿದು, ಪ್ರತಿ ಕಪಾಟಿನ ಮೇಲ್ಮೂಲೆಗಳಲ್ಲಿರುವ ಕೊಕ್ಕೆಗಳನ್ನು ಅದಕ್ಕೆ ಸಿಕ್ಕಿಸಿ, ಕೊಕ್ಕೆಯ ಎರಡು ತಿರುಪುಗಳಿಂದ ಕಪಾಟನ್ನು ಮೇಲೆ ಕೆಳಗೆ, ಹಿಂದೆ ಮುಂದೆ ಸರಿಸಬಹುದು. ಕರ್ನಾಟಕದ ಗೋಡೆಗಳಿಗೆ ಇವೆರಡರಲ್ಲಿ ಯಾವುದಾದರೂ ಒಂದನ್ನೇ ಈ ಲೇಖಕ ಶಿಫಾರಸು ಮಾಡುವುದು, ಸೊಗಸಿಗಾಗಿಯಲ್ಲ. ಪಟ್ಟಿಯ ಉದ್ದದಲ್ಲಿ ಒಳ್ಳೆಯ ಇಟ್ಟಿಗೆ ಸಿಕ್ಕ ಕಡೆಯಲ್ಲೆಲ್ಲ ಹಿಡಿತ ಪಡೆಯಬಹುದು, ಒಂದು ರಂಧ್ರ ಕೆಟ್ಟರೆ ಉಳಿದವು ಹೊರೆಯನ್ನು ಹಂಚಿಕೊಳ್ಳುತ್ತವೆ.

ಕಾರ್ಯಾರಂಭಕ್ಕೆ ಮುನ್ನ ಗೋಡೆಯೊಳಗೆ ಹುದುಗಿರುವ ಕೊಳವೆಗಳ ಮಾರ್ಗವನ್ನು ಊಹಿಸಿಕೊಳ್ಳಬೇಕು. ಸ್ವಿಚ್ಚಿನ ಪೆಟ್ಟಿಗೆಯಿಂದ ನೇರ ಮೇಲಕ್ಕೂ ಕೆಳಕ್ಕೂ ತಂತಿಕೊಳವೆ ಹಾದಿದೆಯೆಂದೇ ಇಟ್ಟುಕೊಳ್ಳತಕ್ಕದ್ದು. ನೀರು ಶೋಧಕದ ನಲ್ಲಿ, ಗೋಡೆಯ ಆಚೆಬದಿಯ ಬಚ್ಚಲಿನ ಗೀಸರು ಇವುಗಳ ಸ್ಥಾನವನ್ನು ನೋಡಿದರೆ ನೀರಿನ ಕೊಳವೆಯ ದಾರಿಯೂ ಸ್ವಲ್ಪಮಟ್ಟಿಗೆ ತಿಳಿಯುತ್ತದೆ. ಗಿಲಾವಿಗೆ ಮುಂಚೆ ಗೋಡೆಗಳ ಛಾಯಾಚಿತ್ರ ತೆಗೆದಿಟ್ಟುಕೊಂಡ ಯಜಮಾನ ಭಾಗ್ಯಶಾಲಿ. ಕೊರೆಯುವಾಗ ಆ ಭಾಗದ ವಿದ್ಯುತ್ತನ್ನು ನಿಲ್ಲಿಸಿ, ಡ್ರಿಲ್ಲಿಗೆ ಬೇರೆ ಕೋಣೆಯಿಂದ ಸರಬರಾಜು ಪಡೆಯಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು ಅಗತ್ಯ, ಕಲ್ಲಿನ ನುಣ್ಣನೆಯ ಧೂಳು ಶ್ವಾಸಕೋಶಕ್ಕೆ ಹಿತವಲ್ಲ. ಟೈಲ್ಸ್ ಇರುವ ಕಡೆ ಮೊದಲು ಹ್ಯಾಮರ್ ಇಲ್ಲದೆ ಹೊಳಪುಪದರವನ್ನು ದಾಟಿ, ಅನಂತರವೇ ಹೊಡೆತ ಕೊಡಬೇಕು. ಪ್ಲಗ್ ಟೈಲ್ಸಿನ ದಪ್ಪದಿಂದ ಒಳಕ್ಕೆ ಕೂರದೆ ಅಲ್ಲೇ ಅರಳಿದರೆ ಟೈಲ್ಸ್ ಬಿರಿಯುತ್ತದೆ. ರಂಧ್ರ ಪ್ಲಗ್ಗಿಗಿಂತ ಹತ್ತು ಮಿ.ಮೀ. ಆಳವಾಗಿರಲಿ, ಗೋಡೆಗೆ ಲಂಬವಾಗಿರಲಿ, ಪುಡಿ ಉಳಿಯದಿರಲಿ. ತಿರುಪಿನ ಕೊನೆಯ ಸುತ್ತುಗಳಲ್ಲಿ ಕೈಗೆ ಬಿಗಿ ಕ್ರಮವಾಗಿ ಏರುತ್ತ ಬಂದರೆ ಹಿಡಿತ ಸರಿಯಾಗಿದೆ. ಏರಿದ ಬಿಗಿ ತಟ್ಟನೆ ಇಳಿದು ತಿರುಪು ಸುಮ್ಮನೆ ಸುತ್ತತೊಡಗಿದರೆ ಆ ರಂಧ್ರ ಕೈಬಿಟ್ಟಂತೆ. ಅದರೊಳಕ್ಕೆ ಬೆಂಕಿಕಡ್ಡಿ ತುರುಕಿ ಮತ್ತೆ ಬಿಗಿಯುವ ಚಮತ್ಕಾರವನ್ನು ಕ್ಯಾಲೆಂಡರಿಗೆ ಮೀಸಲಿಡಬೇಕು.

ನಮ್ಮ ಅಡುಗೆಮನೆಗಳಿಗೆ ವಿಶಿಷ್ಟವಾದ ಒಂದು ತೊಡಕನ್ನು ಇಲ್ಲಿ ಹೇಳಬೇಕು. ಟೈಲ್ಸನ್ನು ಕಟ್ಟೆಯಿಂದ ಎರಡಡಿಯವರೆಗೆ ಮಾತ್ರ ಅಂಟಿಸಿ ಮೇಲೆ ಬರೀ ಗಿಲಾವು ಬಿಟ್ಟಿರುವ ಗೋಡೆಗಳಲ್ಲಿ, ಟೈಲ್ಸಿನ ಮುಖ ಗಿಲಾವಿಗಿಂತ ಅರ್ಧ ಅಂಗುಲದಷ್ಟು ಮುಂದಕ್ಕೆ ಚಾಚಿರುತ್ತದೆ. ಕಪಾಟಿನ ಕೆಳ ಅಂಚು ಈ ಮೆಟ್ಟಿಲಿಗೆ ತಾಗಿ ನಿಂತು, ಮೇಲಂಚು ಗೋಡೆಯಿಂದ ಹೊರಗುಳಿಯುತ್ತದೆ. ಬಡಗಿ ತಿರುಪನ್ನು ಬಲವಂತವಾಗಿ ಬಿಗಿದಷ್ಟೂ ಪೆಟ್ಟಿಗೆ ಓರೆಯಾಗಿ, ಎರಡು ಬಾಗಿಲುಗಳ ನಡುವಣ ಸಂದು ಮೇಲೆ ಕಿರಿದು ಕೆಳಗೆ ಹಿರಿದಾಗುತ್ತದೆ, ತಿರುಪಿನ ಮೇಲೆ ಭಾರ ಬೀಳುವ ಮೊದಲೇ ಸೆಳೆತ ಬೀಳುತ್ತದೆ. ಮೇಲಿನ ಪಟ್ಟಿಯ ಹಿಂದೆ ಅದೇ ದಪ್ಪದ ಪ್ಲೈವುಡ್ ತುಂಡುಗಳನ್ನು, ನಿಖರವಾಗಿ ತಿರುಪು ಹಾಯುವ ಸ್ಥಳಗಳಲ್ಲಿ, ಕೊಟ್ಟು ಬಿಗಿದರೆ ಈ ದೋಷವಿಲ್ಲ. ಆಗ ತಿರುಪಿನ ಉದ್ದಕ್ಕೆ ಆ ದಪ್ಪವನ್ನೂ ಕೂಡಿಸಿಕೊಳ್ಳಬೇಕು. ಕಪಾಟುಗಳ ಸಾಲನ್ನು ಮೂಲೆಯಿಂದ ಆರಂಭಿಸಿ, ಕೆಳಗೆ ತಾತ್ಕಾಲಿಕವಾಗಿ ಒಂದು ಪಟ್ಟಿಯನ್ನು ಆನಿಕೆಗೆ ಹೊಡೆದು, ಅಕ್ಕಪಕ್ಕದ ಪೆಟ್ಟಿಗೆಗಳ ಮುಂದಂಚುಗಳನ್ನು ಒಂದಕ್ಕೊಂದು ಬೋಲ್ಟಿನಿಂದ ಬೆಸೆದ ಮೇಲೆಯೇ ಗೋಡೆಯ ತಿರುಪುಗಳನ್ನು ಪೂರ್ಣವಾಗಿ ಬಿಗಿಯುವುದು ಸರಿಯಾದ ಅನುಕ್ರಮ.

ಕರಾವಳಿಯ ಮಳೆಗಾಲದಲ್ಲಿ ಹೊರಗೋಡೆಗಳು ತಿಂಗಳುಗಟ್ಟಲೆ ತೇವ ಹಿಡಿದಿರುವುದರಿಂದ ಅಲ್ಲಿ ಸಾದಾ ಕಬ್ಬಿಣದ ತಿರುಪು ಗೋಡೆಯೊಳಗೇ ತುಕ್ಕಿನಿಂದ ಸವೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ತಿರುಪು, ಜಲನಿರೋಧಕ ಪ್ಲೈವುಡ್, ಬೆನ್ನಿನ ಹಿಂದೆ ಗಾಳಿಯಾಡಲು ಸ್ವಲ್ಪ ತೆರವು ಇವು ಅಲ್ಲಿ ಐಷಾರಾಮವಲ್ಲ. ಮರದಪುಡಿಯನ್ನು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ತೇವಕ್ಕೆ ಉಬ್ಬಿ ತಿರುಪನ್ನು ಬಿಟ್ಟುಕೊಡುವುದರಿಂದ, ಗೋಡೆಯ ಹಿಡಿತ ಭದ್ರವಾಗಿದ್ದಾಗಲೂ ಕೊಕ್ಕೆ ಕಪಾಟಿನಿಂದ ಕಳಚಬಹುದು.

ತೂಗುಹಾಕಿದ ಕಪಾಟು ಒಮ್ಮೆಗೇ ಬೀಳುವುದು ವಿರಳ. ಮುನ್ಸೂಚನೆ ಕೊಟ್ಟೇ ಕೊಡುತ್ತದೆ. ಮೇಲಂಚಿನಲ್ಲಿ ಗೋಡೆಗೂ ಪೆಟ್ಟಿಗೆಗೂ ನಡುವೆ ಕೂದಲೆಳೆಯಷ್ಟು ಹೊಸ ಬಿರುಕು, ತಾನಾಗಿ ತೆರೆದುಕೊಳ್ಳುವ ಬಾಗಿಲು, ಡಬ್ಬಗಳ ಮೇಲೆ ಬೆಳಗಾಗುತ್ತಲೇ ಕಾಣುವ ಸಣ್ಣ ಕೆಂಪುಪುಡಿ, ಇವುಗಳಲ್ಲಿ ಯಾವುದೊಂದು ಕಂಡರೂ ತಿರುಪನ್ನು ಇನ್ನಷ್ಟು ಬಿಗಿಯಲು ಹೋಗದೆ ಮೊದಲು ಕಪಾಟನ್ನು ಬರಿದುಮಾಡಿ, ಕೆಳಗೆ ಕಟ್ಟೆಯಿಂದ ಮರದ ಊರೆಗಳನ್ನು ಕೊಟ್ಟು, ಇಬ್ಬರು ಹಿಡಿದು ಇಳಿಸಬೇಕು. ಕೆಟ್ಟ ರಂಧ್ರವನ್ನು ದೊಡ್ಡದು ಮಾಡಿ ಹೆಚ್ಚು ದಪ್ಪದ ಪ್ಲಗ್ ತುರುಕುವುದಕ್ಕಿಂತ, ಸಡಿಲ ಭಾಗವನ್ನೆಲ್ಲ ಕೆರೆದು ತೆಗೆದು, ನೀರು ಚಿಮುಕಿಸಿ, ಕುಗ್ಗದ ಸಿಮೆಂಟು ಗಾರೆಯಿಂದಲೋ ರಾಳದಿಂದಲೋ ತುಂಬಿ ಮುಚ್ಚಿ, ಹೊಸ ರಂಧ್ರವನ್ನು ಹಳೆಯದರಿಂದ ಕನಿಷ್ಠ ಎರಡಂಗುಲ ದೂರದಲ್ಲಿ, ಸಾಧ್ಯವಾದರೆ ಬೇರೊಂದು ಇಟ್ಟಿಗೆಯಲ್ಲಿ ಕೊರೆಯುವುದು ಯುಕ್ತ. ರಾಳ ಬಳಸಿದಾಗ ಅದು ಪೊಟ್ಟಣದ ಮೇಲೆ ನಮೂದಿಸಿದ ಅವಧಿಯವರೆಗೆ ಗಟ್ಟಿಯಾಗಲು ಬಿಡಬೇಕು; ಮಳೆಗಾಲದ ತಂಪಿನಲ್ಲಿ ಈ ಅವಧಿ ಬೇಸಗೆಯಲ್ಲಿದ್ದುದಕ್ಕಿಂತ ದೀರ್ಘವಾಗುತ್ತದೆ.